ಕಂಡರೂ ಪ್ರಮಾಣಿಸಿ ನೋಡು: ಕೆಂಪು-ಹಸಿರು ಎಳೆಗಳ ಒಂದು ಓದು

ಕಪ್ಪು ಹಿನ್ನೆಲೆ. ಅದರ ಮೇಲೆ ಯಾರೋ ಕತ್ತರಿಸಿ ಚೆಲ್ಲಿದ ನೂಲಿನಂತೆ ಕೆಲವು ಎಳೆಗಳು, ಒಂದಷ್ಟು ಕೆಂಪು, ಒಂದಷ್ಟು ಹಸಿರು. ಮುಂದಿನ ಚೌಕದಲ್ಲಿ ಅಂಥವೇ ಎಳೆಗಳು. ಆದರೆ ಈಗ ಒಂದೊಂದು ಎಳೆಯಲ್ಲೂ ಎರಡು ಬಣ್ಣಗಳು ಬೆರೆತಿವೆ. 2014ರ ಮೇ ತಿಂಗಳಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಐದು ಪುಟಗಳ ಒಂದು ಪ್ರಬಂಧದ ತಿರುಳು ಇಷ್ಟರಲ್ಲಿದೆ. ಬರೆದವರು ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಲೊರೆಂಝೊ ಆಲ್ಬರ್ಟಾಝಿ, ಇ. ಡಬ್ಲ್ಯು. ಮೈಯರ್ ಮತ್ತು ಸಂಗಡಿಗರು. ತಮ್ಮಷ್ಟಕ್ಕೆ ತಾವೇ ಜೋಡಣೆಗೊಳ್ಳುವ ಪಾಲಿಮರ್ ಎಳೆಗಳಲ್ಲಿ ಅಣುಗಳು ಹೇಗೆ ಜಾಗ ಬದಲಿಸುತ್ತವೆ ಎಂಬುದು ಅವರ ಪ್ರಶ್ನೆ. ಉತ್ತರಕ್ಕೆ ಅವರು ಬಳಸಿದ್ದು ಸೂಪರ್ ರೆಸಲ್ಯೂಷನ್ ಮೈಕ್ರೋಸ್ಕೋಪ್.

ಇದಕ್ಕೂ ಸಾಹಿತ್ಯ ವಿಮರ್ಶೆಗೂ ಏನು ಸಂಬಂಧ ಎಂದು ಕೇಳುವವರಿಗೆ ನನ್ನ ಉತ್ತರ ಸರಳ. ಒಂದು ಕಥೆಯನ್ನು ಓದುವಾಗ ಹೇಳುತ್ತಿರುವವರು ಯಾರು, ಅವರಿಗೆ ಇದು ಹೇಗೆ ಗೊತ್ತಾಯಿತು, ಯಾವುದನ್ನು ಬಿಟ್ಟಿದ್ದಾರೆ ಎಂದು ಕೇಳುತ್ತೇವೆ. ವಿಜ್ಞಾನದ ಚಿತ್ರ ಎದುರಾದ ಕೂಡಲೇ ಈ ಪ್ರಶ್ನೆಗಳನ್ನೆಲ್ಲ ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಹೋಗುತ್ತೇವೆ. ದರ್ಶನಕ್ಕೆ ಹೋದವರ ಹಾಗೆ ಕೈಮುಗಿದು ಬರುತ್ತೇವೆ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮ್ಮಲ್ಲೇ ಇದೆ. ಈ ಕೆಂಪು-ಹಸಿರು ಚಿತ್ರ ಆ ಪರೀಕ್ಷೆಗೆ ನಿಲ್ಲುವಂಥದ್ದು. ಅಷ್ಟೇ ಅಲ್ಲ, ಪರೀಕ್ಷೆಗೆ ಒಡ್ಡಿದಾಗಲೇ ಅದರ ನಿಜವಾದ ಬೆಲೆ ಗೊತ್ತಾಗುತ್ತದೆ ಎಂಬುದು ನನ್ನ ವಾದ.

ಮೊದಲು ಈ ಎಳೆಗಳು ಏನು ಎಂದು ನೋಡೋಣ. ಪಾಲಿಮರ್ ಎಂದರೆ ನಮಗೆ ನೆನಪಾಗುವುದು ಪ್ಲಾಸ್ಟಿಕ್ ಕೊಡ, ನೈಲಾನ್ ಹಗ್ಗ. ಅವುಗಳಲ್ಲಿ ಸಣ್ಣ ಅಣುಗಳು ಬಿಡಿಸಲಾಗದ ಬಂಧದಿಂದ ಒಂದಕ್ಕೊಂದು ಬೆಸೆದುಕೊಂಡು ಉದ್ದನೆಯ ಸರಪಳಿಯಾಗಿರುತ್ತವೆ. ನಮ್ಮ ಎಳೆಗಳು ಹಾಗಲ್ಲ. ಇಲ್ಲಿ ಅಣುಗಳು ಹೈಡ್ರೋಜನ್ ಬಂಧದಂಥ ದುರ್ಬಲ ಹಿಡಿತದಿಂದ, ತಟ್ಟೆಯ ಮೇಲೆ ತಟ್ಟೆ ಪೇರಿಸಿದ ಹಾಗೆ, ಒಂದರ ಮೇಲೊಂದು ಕೂತು ಸಾಲುಗಟ್ಟುತ್ತವೆ. ದಾರವಿಲ್ಲದ ಮಣಿಸರ ಎನ್ನಬಹುದು. ಹೊರಗಿನಿಂದ ನೋಡಿದರೆ ಅದೂ ಸರವೇ. ಆದರೆ ಯಾವ ಮಣಿ ಬೇಕಾದರೂ ಎದ್ದು ಹೋಗಬಹುದು, ಬೇರೆ ಮಣಿ ಬಂದು ಆ ಜಾಗದಲ್ಲಿ ಕೂರಬಹುದು.

ಇದರ ಹಿಂದೆ ಇತಿಹಾಸದ ಒಂದು ಕುಹಕವಿದೆ. 1920ರಲ್ಲಿ ಜರ್ಮನಿಯ ಹರ್ಮನ್ ಸ್ಟೌಡಿಂಗರ್ ರಬ್ಬರಿನಂಥ ವಸ್ತುಗಳು ಗಟ್ಟಿ ಬಂಧಗಳಿಂದ ಕೂಡಿದ ಮಹಾ ಅಣುಗಳು ಎಂದಾಗ ದೊಡ್ಡ ದೊಡ್ಡ ರಸಾಯನಶಾಸ್ತ್ರಜ್ಞರು ನಂಬಲಿಲ್ಲ. ಅಷ್ಟು ದೊಡ್ಡ ಅಣು ಇರಲು ಸಾಧ್ಯವೇ ಇಲ್ಲ, ಅವು ಸಣ್ಣ ಅಣುಗಳು ದುರ್ಬಲ ಸೆಳೆತದಿಂದ ಗುಂಪುಗೂಡಿದ ರಾಶಿಗಳಷ್ಟೇ ಎಂದರು. ವರ್ಷಗಳ ಜಗಳದ ನಂತರ ಸ್ಟೌಡಿಂಗರ್ ಗೆದ್ದರು, 1953ರಲ್ಲಿ ನೊಬೆಲ್ ಬಂತು. ಸೋತವರ ಕಲ್ಪನೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಣುಗಳ ನಡುವಿನ ದುರ್ಬಲ ಸೆಳೆತಗಳ ರಸಾಯನಶಾಸ್ತ್ರಕ್ಕೆ 1987ರಲ್ಲಿ ಜಾನ್-ಮಾರಿ ಲೆನ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂದಿತು. ಹತ್ತು ವರ್ಷಗಳ ನಂತರ, 1997ರಲ್ಲಿ, ಇದೇ ಮೈಯರ್ ಅವರ ತಂಡ ನಾಲ್ಕು ನಾಲ್ಕು ಹೈಡ್ರೋಜನ್ ಬಂಧಗಳಿಂದ ಕೈಹಿಡಿದು ನಿಂತ ಸಣ್ಣ ಅಣುಗಳು ಪಾಲಿಮರಿನಂತೆಯೇ ನಡೆದುಕೊಳ್ಳುತ್ತವೆ ಎಂದು ತೋರಿಸಿತು. ರಬ್ಬರಿನ ವಿಷಯದಲ್ಲಿ ಸುಳ್ಳಾದ ವಾದ ಬೇರೊಂದು ವಸ್ತುವಿನ ವಿಷಯದಲ್ಲಿ ನಿಜವಾಯಿತು. ಸೋತ ಪಕ್ಷದ ಸಾಲುಗಳು ಹೀಗೆ ಬೇರೆ ಪುಸ್ತಕದಲ್ಲಿ ಮರುಮುದ್ರಣವಾಗುವುದು ಸಾಹಿತ್ಯ ಚರಿತ್ರೆಯಲ್ಲೂ ಹೊಸದಲ್ಲ.

‘ತಮ್ಮಷ್ಟಕ್ಕೆ ತಾವೇ’ ಎಂಬ ಮಾತಿನ ಬಗ್ಗೆಯೂ ಒಂದು ತಕರಾರಿದೆ. ಕನ್ನಡದಲ್ಲಿ ಇದನ್ನು ‘ಸ್ವಯಂಜೋಡಣೆ’ ಎನ್ನುವವರಿದ್ದಾರೆ. ‘ಸ್ವಯಂ’ ಎಂದ ಕೂಡಲೇ ನಮ್ಮ ಕಿವಿಗೆ ಸ್ವಯಂಭು, ಸ್ವಯಂವರ, ಸ್ವಯಂಸೇವಕ ಎಲ್ಲ ಕೇಳಿಸುತ್ತವೆ. ಅಣುವಿಗೆ ಒಂದು ಇಚ್ಛೆ ಬಂದುಬಿಡುತ್ತದೆ. ವಾಸ್ತವದಲ್ಲಿ ಅಲ್ಲಿ ‘ಸ್ವಂತ’ದ್ದು ಬಹಳ ಕಡಿಮೆ. ಈ ಅಣುವಿನ ಯಾವ ತುದಿ ನೀರನ್ನು ಒಲ್ಲದು, ಯಾವುದು ಒಪ್ಪುತ್ತದೆ, ಎಲ್ಲಿ ಹೈಡ್ರೋಜನ್ ಬಂಧ ಬೀಳಬೇಕು ಎಂಬುದನ್ನೆಲ್ಲ ರಸಾಯನಶಾಸ್ತ್ರಜ್ಞರು ವರ್ಷಗಟ್ಟಲೆ ಕೂತು ರೂಪಿಸಿರುತ್ತಾರೆ. ಬಿಸಿ, ತಂಪು, ಉಪ್ಪು, ಬೆರೆಸುವ ಕ್ರಮ ಎಲ್ಲವೂ ಫಲಿತಾಂಶವನ್ನು ಬದಲಿಸುತ್ತವೆ. ಹಾಲಿಗೆ ಹೆಪ್ಪು ಹಾಕಿ, ಬೆಚ್ಚಗೆ ಮುಚ್ಚಿಟ್ಟು, ಬೆಳಿಗ್ಗೆ ಎದ್ದು ‘ಮೊಸರು ತಾನಾಗಿಯೇ ಆಯಿತು’ ಎಂದ ಹಾಗೆ ಇದು. ‘ಜೋಡಣೆಗೊಳ್ಳುವ’ ಎನ್ನುವ ಸಾದಾ ಕ್ರಿಯಾಪದವೇ ನನಗೆ ವಾಸಿ ಅನಿಸುತ್ತದೆ. ಕನ್ನಡದ ‘ಕೊಳ್ಳು’ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ.

ಇನ್ನು ನೋಡುವ ಕಷ್ಟ. 1873ರಲ್ಲಿ ಅರ್ನ್ಸ್ಟ್ ಅಬ್ಬೆ ಬೆಳಕಿನ ಮೈಕ್ರೋಸ್ಕೋಪಿಗೆ ಒಂದು ಎಲ್ಲೆಯನ್ನು ಗೊತ್ತುಮಾಡಿದರು. ಬೆಳಕು ಅಲೆಯಾದ್ದರಿಂದ ಅದರ ತರಂಗಾಂತರದ ಅರ್ಧಕ್ಕಿಂತ, ಅಂದರೆ ಸುಮಾರು 200 ನ್ಯಾನೋಮೀಟರಿಗಿಂತ, ಹತ್ತಿರವಿರುವ ಎರಡು ವಸ್ತುಗಳು ಎರಡಾಗಿ ಕಾಣದೆ ಒಂದೇ ಮಸುಕಾಗುತ್ತವೆ. ಮಸೂರವನ್ನು ಎಷ್ಟು ಚೆನ್ನಾಗಿ ಉಜ್ಜಿದರೂ ಅಷ್ಟೇ. ಜರ್ಮನಿಯ ಯೇನಾ ನಗರದಲ್ಲಿ ಈ ಸೂತ್ರವನ್ನು ಸ್ಮಾರಕದ ಕಲ್ಲಿನ ಮೇಲೆಯೇ ಕೆತ್ತಿದ್ದಾರೆ. ನಮ್ಮ ಎಳೆಗಳ ದಪ್ಪವೋ ಹತ್ತು ನ್ಯಾನೋಮೀಟರಿನ ಆಸುಪಾಸು. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇದನ್ನು ಸುಲಭವಾಗಿ ತೋರಿಸುತ್ತದಲ್ಲ ಎಂದು ವಿಜ್ಞಾನದ ವಿದ್ಯಾರ್ಥಿಗಳು ಹೇಳುತ್ತಾರೆ. ತೋರಿಸುತ್ತದೆ ನಿಜ. ಆದರೆ ಅದಕ್ಕೆ ನಿರ್ವಾತ ಬೇಕು, ಆದ್ದರಿಂದ ಎಳೆಯನ್ನು ಒಣಗಿಸಬೇಕು ಇಲ್ಲವೇ ನೀರಿನ ಸಮೇತ ಹೆಪ್ಪುಗಟ್ಟಿಸಬೇಕು. ಅದಕ್ಕಿಂತ ಮುಖ್ಯವಾಗಿ, ಒಂದೇ ಬಗೆಯ ಎರಡು ಅಣುಗಳಲ್ಲಿ ಮೊದಲಿಂದ ಇದ್ದದ್ದು ಯಾವುದು, ಈಗ ಬಂದದ್ದು ಯಾವುದು ಎಂದು ಅದಕ್ಕೆ ತಿಳಿಯದು. ಮನೆ ಕಾಣುತ್ತದೆ, ಮನೆಯವರು ಮತ್ತು ನೆಂಟರ ವ್ಯತ್ಯಾಸ ಕಾಣುವುದಿಲ್ಲ.

‘ರೆಸಲ್ಯೂಷನ್’ ಎಂಬ ಪದವನ್ನು ಮೊಬೈಲ್ ಅಂಗಡಿಯವರು ನಮಗೆ ಸ್ಪಷ್ಟತೆ ಎಂಬ ಅರ್ಥದಲ್ಲಿ ಕಲಿಸಿಬಿಟ್ಟಿದ್ದಾರೆ. ಇಲ್ಲಿ ಅದರ ಅರ್ಥ ಎರಡನ್ನು ಎರಡಾಗಿ ಬಿಡಿಸಿ ನೋಡುವುದು. ಪಠ್ಯಪುಸ್ತಕದ ‘ಪೃಥಕ್ಕರಣ’ ನಾಲಿಗೆಗೆ ತೊಡಕಾದರೂ ಅರ್ಥದಲ್ಲಿ ಸರಿ. ಅಬ್ಬೆಯ ಎಲ್ಲೆಯನ್ನು ದಾಟಿದ ಉಪಾಯವೂ ಬಿಡಿಸುವ ಉಪಾಯವೇ. ಎಲ್ಲ ಅಣುಗಳೂ ಒಟ್ಟಿಗೆ ಹೊಳೆದರೆ ಮಸುಕು. ಆದ್ದರಿಂದ ಒಂದು ಸಲಕ್ಕೆ ಅಲ್ಲೊಂದು ಇಲ್ಲೊಂದು ಅಣು ಮಾತ್ರ ಹೊಳೆಯುವಂತೆ ಮಾಡುವುದು. ಕತ್ತಲಲ್ಲಿ ಮಿಣುಕುಹುಳುಗಳು ತುಂಬಿದ ಮರವನ್ನು ನೆನೆಸಿಕೊಳ್ಳಿ. ಒಂದೊಂದು ಹುಳ ಮಿನುಗಿದಾಗಲೂ ಅದರ ಮಸುಕು ಬೆಳಕಿನ ನಟ್ಟನಡು ಎಲ್ಲಿದೆ ಎಂದು ಲೆಕ್ಕಹಾಕಿ ಕಾಗದದ ಮೇಲೆ ಒಂದು ಚುಕ್ಕಿ ಇಡುವುದು. ಮಸುಕು ದೊಡ್ಡದಾದರೂ ಅದರ ನಡುವನ್ನು ನಿಖರವಾಗಿ ಗುರುತಿಸಬಹುದು. ಎಷ್ಟು ಹೆಚ್ಚು ಬೆಳಕಿನ ಕಣಗಳು ಸಿಕ್ಕವೋ ಅಷ್ಟು ನಿಖರ. ಹೀಗೆ ಸಾವಿರಾರು ಚಿತ್ರಗಳನ್ನು ತೆಗೆದು, ಚುಕ್ಕಿಗಳನ್ನೆಲ್ಲ ಒಂದೇ ಹಾಳೆಗೆ ಇಳಿಸಿದಾಗ ಮರದ ಆಕಾರ ಮೂಡುತ್ತದೆ. 20ರಿಂದ 30 ನ್ಯಾನೋಮೀಟರಿನಷ್ಟು ಬಿಡಿಸಿ ನೋಡುವುದು ಇದರಿಂದ ಸಾಧ್ಯ.

2014ರ ಅಕ್ಟೋಬರಿನಲ್ಲಿ ಎರಿಕ್ ಬೆಟ್ಸಿಗ್, ಸ್ಟೆಫಾನ್ ಹೆಲ್, ವಿಲಿಯಂ ಮೋರ್ನರ್ ಅವರಿಗೆ ಅಬ್ಬೆಯ ಎಲ್ಲೆ ದಾಟಿದ್ದಕ್ಕಾಗಿ ನೊಬೆಲ್ ಬಂದಾಗ ಪತ್ರಿಕೆಗಳೆಲ್ಲ ಹೇಳಿದ್ದು ಬೆಟ್ಸಿಗ್ ಅವರ ಕಥೆಯನ್ನು: ವಿಜ್ಞಾನ ಬಿಟ್ಟು ತಂದೆಯ ಯಂತ್ರೋಪಕರಣ ಕಂಪನಿ ಸೇರಿದವರು, ಮರಳಿ ಬಂದು ಗೆಳೆಯ ಹ್ಯಾರಲ್ಡ್ ಹೆಸ್ ಅವರ ಮನೆಯ ಹಾಲಿನಲ್ಲಿ ಮೈಕ್ರೋಸ್ಕೋಪ್ ಕಟ್ಟಿದವರು. ಚೆಂದದ ಕಥೆ, ಸಿನಿಮಾ ಆಗಬಹುದು. ಆದರೆ ಐಂಡ್‌ಹೋವನ್‌ನವರು ಬಳಸಿದ ‘ಸ್ಟಾರ್ಮ್’ ವಿಧಾನ 2006ರಲ್ಲಿ ಹಾರ್ವರ್ಡ್‌ನ ಶಾವೊವೆಯ್ ಜುವಾಂಗ್ ಅವರ ಪ್ರಯೋಗಾಲಯದಿಂದ ಬಂದದ್ದು. ಅವರ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ನನಗೆ ಇಲ್ಲಿ ಮುಖ್ಯವಾದದ್ದು ಆ ವಿಧಾನದ ಹೆಸರು. ಸ್ಟಾರ್ಮ್ ಎಂಬುದು ನಾಲ್ಕೈದು ಪದಗಳ ಸಂಕ್ಷೇಪ. ಬಿಡಿಸಿ ಕನ್ನಡಕ್ಕೆ ತಂದರೆ ‘ಯಾದೃಚ್ಛಿಕ ದೃಕ್ ಪುನರ್ರಚನಾ ಸೂಕ್ಷ್ಮದರ್ಶನ’ ಎಂದಾಗುತ್ತದೆ. ಪುನರ್ರಚನೆ! ಇದು ತೆಗೆದ ಚಿತ್ರವಲ್ಲ, ಕಟ್ಟಿದ ಚಿತ್ರ ಎಂದು ವಿಧಾನ ತನ್ನ ಹೆಸರಿನಲ್ಲೇ ಒಪ್ಪಿಕೊಂಡಿದೆ. ಸುದ್ದಿ ಬರೆಯುವಾಗ ಎಲ್ಲರೂ ಮೊದಲು ಕೈಬಿಡುವ ಪದವೂ ಅದೇ.

ನಮ್ಮ ಚುಕ್ಕಿ ರಂಗೋಲಿಯನ್ನು ಬಲ್ಲವರಿಗೆ ಈ ಚಿತ್ರದ ವ್ಯಾಕರಣ ಬೇಗ ಹತ್ತುತ್ತದೆ. ಮೊದಲು ಚುಕ್ಕಿ, ಆಮೇಲೆ ಗೆರೆ. ವ್ಯತ್ಯಾಸ ಇಷ್ಟೇ: ಸ್ಟಾರ್ಮ್ ಚುಕ್ಕಿಗಳನ್ನು ಮಾತ್ರ ಇಡುತ್ತದೆ, ಗೆರೆ ಎಳೆಯುವುದು ನೋಡುವವರ ಕಣ್ಣು. ಒಂದೇ ಚುಕ್ಕಿಗಳ ಮೇಲೆ ಬೇರೆ ಬೇರೆ ರಂಗೋಲಿ ಬಿಡಿಸಬಹುದು ಎಂಬುದು ಅಂಗಳ ಸಾರಿಸಿದ ಎಲ್ಲರಿಗೂ ಗೊತ್ತು. ಹಾಗಾದರೆ ಈ ಚಿತ್ರವನ್ನು ನಂಬುವುದು ಯಾವ ಆಧಾರದ ಮೇಲೆ?

ಇಲ್ಲಿಯೇ ಐಂಡ್‌ಹೋವನ್ ಪ್ರಬಂಧದ ಶಕ್ತಿ ಇರುವುದು. ಅವರು ‘ನೋಡೋಣ, ಏನು ಕಾಣುತ್ತದೋ’ ಎಂದು ಹೊರಟವರಲ್ಲ. ಚಿತ್ರ ಬರುವ ಮೊದಲೇ ಯಾವ ಚಿತ್ರ ಬಂದರೆ ಯಾವ ಅರ್ಥ ಎಂದು ಗೊತ್ತುಮಾಡಬಲ್ಲಂಥ ಪ್ರಶ್ನೆಯನ್ನು ಇಟ್ಟುಕೊಂಡಿದ್ದರು. ಅದನ್ನು ನ್ಯಾಯಬೆಲೆ ಅಂಗಡಿಯ ಎದುರಿನ ಎರಡು ಸಾಲುಗಳ ಉದಾಹರಣೆಯಿಂದ ಹೇಳಬಹುದು. ಒಂದು ಸಾಲಿನವರೆಲ್ಲ ಕೆಂಪು ಅಂಗಿ, ಇನ್ನೊಂದರವರೆಲ್ಲ ಹಸಿರು ಅಂಗಿ. ಸ್ವಲ್ಪ ಹೊತ್ತಿನ ನಂತರ ಎರಡೂ ಸಾಲುಗಳು ಬೆರೆತಿವೆ. ಹೇಗೆ ಬೆರೆತವು? ಜನ ಸಾಲಿನ ತುದಿಯಿಂದ ಬಿಟ್ಟು ಇನ್ನೊಂದರ ತುದಿಗೆ ಸೇರಿದ್ದರೆ ತುದಿಗಳಲ್ಲಿ ಮಾತ್ರ ಬಣ್ಣ ಬದಲಾಗಿ ನಡು ಹಾಗೇ ಉಳಿದಿರುತ್ತದೆ. ಸಾಲು ತುಂಡಾಗಿ, ತುಂಡಿಗೆ ತುಂಡು ಸೇರಿದ್ದರೆ ಕೆಂಪು ಒಂದು ಕಟ್ಟು, ಹಸಿರು ಒಂದು ಕಟ್ಟು ಹೀಗೆ ಕಾಣಬೇಕು. ಎಲ್ಲೆಂದರಲ್ಲಿ ಒಬ್ಬೊಬ್ಬರೇ ಎದ್ದುಹೋಗಿ ನಡುವೆ ನುಗ್ಗಿದ್ದರೆ ಉದ್ದಕ್ಕೂ ಒಂದೇ ಹದದಲ್ಲಿ ಬಣ್ಣ ಬೆರೆತಿರಬೇಕು.

ಅದಕ್ಕೂ ಮೊದಲು ಈ ಬೆರೆಯುವಿಕೆಯನ್ನು ಅಳೆಯುವ ದಾರಿಗಳು ಇರಲಿಲ್ಲವೆಂದಲ್ಲ. ಎರಡು ಬಣ್ಣದ ಅಣುಗಳು ಕೆಲವೇ ನ್ಯಾನೋಮೀಟರಿನಷ್ಟು ಹತ್ತಿರ ಬಂದರೆ ಒಂದರ ಶಕ್ತಿ ಇನ್ನೊಂದಕ್ಕೆ ದಾಟುತ್ತದೆ. ಇಡೀ ದ್ರಾವಣದ ಹೊಳಪನ್ನು ಅಳೆದು ಎಷ್ಟು ಬೆರೆತಿದೆ ಎಂದು ಹೇಳಬಹುದು. ಆದರೆ ಅದು ಸರಾಸರಿ. ಕೋಟ್ಯಂತರ ಎಳೆಗಳ ಒಟ್ಟು ಲೆಕ್ಕ. ಸಾಲುಗಳು ಬೆರೆತವು ಎಂದು ಅಂಗಡಿಯವನು ಹೇಳಬಲ್ಲ, ಎಲ್ಲಿ ನುಗ್ಗಿದರು ಎಂದು ಹೇಳಲಾರ. ನಿರೀಕ್ಷೆ ಇದ್ದದ್ದು ತುದಿಗಳ ಕಡೆಗೆ. ಜೀವಕೋಶದೊಳಗಿನ ಆಕ್ಟಿನ್, ಸೂಕ್ಷ್ಮನಾಳಿಕೆಗಳಂಥ ಎಳೆಗಳು ಬೆಳೆಯುವುದು, ಕರಗುವುದು ಪ್ರಧಾನವಾಗಿ ತುದಿಗಳಲ್ಲೇ. ಶಿಸ್ತಿನ ಸಾಲುಗಳು ಅವು.

ಚಿತ್ರ ಕೊಟ್ಟ ಉತ್ತರ ಬೇರೆ. ಕೆಂಪು ಬಣ್ಣ ಹತ್ತಿಸಿದ ಎಳೆಗಳನ್ನೂ ಹಸಿರು ಬಣ್ಣ ಹತ್ತಿಸಿದ ಎಳೆಗಳನ್ನೂ ನೀರಿನಲ್ಲಿ ಬೆರೆಸಿ, ಬೇರೆ ಬೇರೆ ಹೊತ್ತಿಗೆ ಸ್ವಲ್ಪ ಸ್ವಲ್ಪ ತೆಗೆದು ನೋಡಿದಾಗ ತುದಿಗಳಲ್ಲಿ ವಿಶೇಷವೇನೂ ಇರಲಿಲ್ಲ, ಕಟ್ಟುಕಟ್ಟಾಗಿಯೂ ಇರಲಿಲ್ಲ. ಎಳೆಯ ಉದ್ದಕ್ಕೂ ಸಮನಾಗಿ ಎರಡನೆಯ ಬಣ್ಣ ಸೇರುತ್ತಾ ಹೋಗಿತ್ತು. ಇದನ್ನು ಅವರು ಅನಿರೀಕ್ಷಿತ ಎಂದೇ ಕರೆದರು. ‘ಸಮನಾಗಿ’ ಎಂಬುದನ್ನು ಕಣ್ಣಂದಾಜಿಗೆ ಬಿಡದೆ, ಅಣುಗಳು ಹೀಗೆ ಹೀಗೆ ಚಲಿಸಿದರೆ ಬಣ್ಣಗಳ ಹಂಚಿಕೆ ಹೇಗಿರುತ್ತದೆ ಎಂದು ಗಣಕದಲ್ಲಿ ದಾಳ ಉರುಳಿಸಿದಂತೆ ಲೆಕ್ಕ ಮಾಡಿಸಿ, ಅದನ್ನು ಚುಕ್ಕಿಗಳ ಹಂಚಿಕೆಯೊಂದಿಗೆ ಹೋಲಿಸಿದರು. ಲೇಖಕರ ಪಟ್ಟಿಯಲ್ಲಿ ಸಂಭವನೀಯತೆಯ ಗಣಿತಜ್ಞ ರೆಮ್ಕೊ ವಾನ್ ಡೆರ್ ಹಾಫ್‌ಸ್ಟಾಡ್ ಅವರ ಹೆಸರಿರುವುದು ಸುಮ್ಮನೆ ಅಲ್ಲ. ಎರಡು ಚುಕ್ಕಿ ಪಕ್ಕಪಕ್ಕ ಬಿದ್ದದ್ದು ಆಕಸ್ಮಿಕವೋ ಅಲ್ಲವೋ ಎಂಬ ಪ್ರಶ್ನೆಗೆ ಮೈಕ್ರೋಸ್ಕೋಪಿನಲ್ಲಿ ಉತ್ತರವಿಲ್ಲ, ಗಣಿತದಲ್ಲಿದೆ.

ಇದು ತಿಳಿದು ಆಗಬೇಕಾದ್ದೇನು ಎಂದರೆ, ಆಗಬೇಕಾದ್ದು ಬಹಳಷ್ಟಿದೆ. ಇಂಥ ಎಳೆಗಳಿಂದ ಮಾಡಿದ ಮೆದು ಜೆಲ್‌ಗಳನ್ನು ಗಾಯದ ಜಾಗದಲ್ಲಿ ಜೀವಕೋಶಗಳು ಬೆಳೆಯಲು ಆಸರೆಯಾಗಿ, ಔಷಧಿಯನ್ನು ಹೊತ್ತೊಯ್ಯುವ ವಾಹನವಾಗಿ ಬಳಸಬೇಕೆಂಬ ಪ್ರಯತ್ನ ಹಲವು ಕಡೆ ನಡೆದಿದೆ. ಎಳೆಯ ಬೆನ್ನಿಗೆ ಕಟ್ಟಿದ ಔಷಧಿಯ ಅಣು ತುದಿಯಿಂದ ಮಾತ್ರ ಬಿಟ್ಟುಹೋಗುತ್ತದೋ, ನಡುವಿನಿಂದಲೂ ಸೋರುತ್ತದೋ ಎಂಬುದರ ಮೇಲೆ ಅದು ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ನಿಂತಿದೆ.

ಇಷ್ಟು ಮೆಚ್ಚಿದ ಮೇಲೆ ತಕರಾರುಗಳಿಗೆ ಬರಬೇಕು. ಮೊದಲನೆಯದು ಬಣ್ಣದ್ದು. ಎಳೆಯ ಮೂಲ ಅಣು ಬೇಕಾದಂತೆ ಹೊಳೆಯುವುದಿಲ್ಲ. ಅದಕ್ಕೆ ಸೈ3, ಸೈ5 ಎಂಬ ಬಣ್ಣದ ಅಣುಗಳನ್ನು ರಾಸಾಯನಿಕವಾಗಿ ಅಂಟಿಸುತ್ತಾರೆ. ಈ ಬಣ್ಣದ ಅಣುಗಳೇನೂ ಕಣ್ಣಿಗೆ ಹಚ್ಚುವ ಕಾಡಿಗೆಯಷ್ಟು ಹಗುರವಲ್ಲ. ಅಂಟಿಸಿಕೊಂಡ ಅಣುವಿನ ಎದುರು ಗಣನೀಯವಾಗಿ ದೊಡ್ಡವು, ವಿದ್ಯುದಾವೇಶ ಹೊತ್ತವೂ ಹೌದು. ಹಾಗಾದರೆ ನಾವು ನೋಡಿದ್ದು ಅಣುಗಳ ಓಡಾಟವನ್ನೋ, ಬೆನ್ನಿಗೆ ಮೂಟೆ ಕಟ್ಟಿಕೊಂಡ ಅಣುಗಳ ಓಡಾಟವನ್ನೋ? ಬಣ್ಣ ಹತ್ತಿದ ಅಣುಗಳನ್ನು ಕಡಿಮೆ ಪ್ರಮಾಣದಲ್ಲಿ ಬೆರೆಸುವುದು, ಎರಡು ಬಣ್ಣಗಳನ್ನು ಅದಲುಬದಲು ಮಾಡಿ ನೋಡುವುದು, ಇವೆಲ್ಲ ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಎಚ್ಚರಿಕೆಗಳು. ಎಚ್ಚರಿಕೆಯಿಂದ ಅನುಮಾನ ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಮಿನುಗುವಿಕೆಯನ್ನು ಹದಕ್ಕೆ ತರಲು ಸ್ಟಾರ್ಮ್‌ನಲ್ಲಿ ಸಾಮಾನ್ಯವಾಗಿ ಗಂಧಕದ ಸಂಯುಕ್ತವೊಂದನ್ನು ಸೇರಿಸಿ, ಆಮ್ಲಜನಕವನ್ನು ತೆಗೆದುಹಾಕುತ್ತಾರೆ ಎಂಬುದನ್ನೂ ನೆನಪಿಡಬೇಕು. ಚಿತ್ರ ತೆಗೆಸಿಕೊಳ್ಳಲು ಕೂರುವ ಹೊತ್ತಿನ ನೀರು ಅಣುಗಳು ಬದುಕುವ ನೀರಲ್ಲ.

ಎರಡನೆಯದು ದಪ್ಪದ್ದು. ಹತ್ತು ನ್ಯಾನೋಮೀಟರಿನ ಎಳೆ ಚಿತ್ರದಲ್ಲಿ ಅದರ ಹಲವು ಪಟ್ಟು ದಪ್ಪವಾಗಿ ಕಾಣುತ್ತದೆ. ಚುಕ್ಕಿ ಇಡುವಾಗಿನ ಅನಿಶ್ಚಿತತೆಯೇ ಆ ದಪ್ಪ. ಎಂದರೆ ನಾವು ಎಳೆಯ ಅಗಲ ಎಂದುಕೊಂಡದ್ದರಲ್ಲಿ ಹೆಚ್ಚಿನ ಪಾಲು ಅಳೆಯುವವರ ಕೈನಡುಕ. ಹಾಗೆಯೇ ಎಳೆಯಲ್ಲಿ ಕಾಣುವ ಬಿಟ್ಟಜಾಗ ನಿಜವಾದ ಬಿರುಕೇ ಆಗಬೇಕೆಂದಿಲ್ಲ. ಅಲ್ಲಿ ಬಣ್ಣದ ಅಣು ಇಲ್ಲದಿರಬಹುದು, ಇದ್ದೂ ಮಿನುಗದಿರಬಹುದು. ಒಂದೇ ಅಣು ನಾಲ್ಕು ಸಲ ಮಿನುಗಿದರೆ ನಾಲ್ಕು ಚುಕ್ಕಿ. ಚುಕ್ಕಿ ಎಣಿಸಿ ಅಣು ಎಣಿಸಿದೆವು ಎನ್ನುವ ಹಾಗಿಲ್ಲ.

ಕೆಂಪು, ಹಸಿರು ಎನ್ನುತ್ತಿದ್ದೇನಲ್ಲ, ಅದೂ ಒಂದು ಒಪ್ಪಂದ. ಇಂಥ ಕ್ಯಾಮೆರಾಗಳು ನೋಡುವುದು ಬೂದುಬಣ್ಣದಲ್ಲಿ. ಸೈ3ರ ಹೊಳಪು ವಾಸ್ತವದಲ್ಲಿ ಹಳದಿ-ಕಿತ್ತಳೆಯ ಕಡೆಗಿನದು, ಸೈ5ರದ್ದು ಕಡುಗೆಂಪಿನ ಅಂಚಿನದು. ಹಸಿರನ್ನು ಆರಿಸಿದ್ದು ಎರಡು ಬಣ್ಣ ಬೆರೆತಲ್ಲಿ ಹಳದಿಯಾಗಿ ಎದ್ದು ಕಾಣಲೆಂದು. ಕೆಂಪು-ಹಸಿರಿನ ವ್ಯತ್ಯಾಸ ತಿಳಿಯದ ಕಣ್ಣುಳ್ಳ ಓದುಗರಿಗೆ ಈ ಚಿತ್ರದ ವಾದ ಅರ್ಧ ತಲುಪುವುದೇ ಇಲ್ಲ ಎಂದು ಈಗೀಗ ಪತ್ರಿಕೆಗಳು ಬೇರೆ ಜೋಡಿಗಳನ್ನು ಬಳಸಲು ಹೇಳುತ್ತಿವೆ. ಇದು ಸಣ್ಣ ಮಾತು, ಮುಂದೆ ಹೋಗೋಣ.

ದೊಡ್ಡ ತಕರಾರು ಸಮಯದ್ದು. ಆರಂಭದಲ್ಲಿ ನಾನು ‘ಅಂಥವೇ ಎಳೆಗಳು’ ಎಂದು ಬರೆದೆ. ನೋಡುವವರ ಮನಸ್ಸು ಅದನ್ನು ‘ಅವೇ ಎಳೆಗಳು’ ಎಂದು ಓದಿಕೊಳ್ಳುತ್ತದೆ. ಮೊದಲ ಚೌಕದ ಎಳೆಗಳು ಬೇರೆ, ಎರಡನೆಯದರವು ಬೇರೆ. ಒಂದು ಊರಿನಲ್ಲಿ ಬೆಳಿಗ್ಗೆ ಹತ್ತು ಜನರ ಫೋಟೋ ತೆಗೆದು, ಸಂಜೆ ಬೇರೆ ಹತ್ತು ಜನರ ಫೋಟೋ ತೆಗೆದು, ನಡುವೆ ಏನು ನಡೆಯಿತೆಂದು ಕಥೆ ಕಟ್ಟಿದ ಹಾಗೆ. ಕಥೆ ನಿಜವಿರಬಹುದು, ಈ ಸಂದರ್ಭದಲ್ಲಿ ಬಹುಮಟ್ಟಿಗೆ ನಿಜ ಎಂದೇ ನಾನು ನಂಬುತ್ತೇನೆ, ಏಕೆಂದರೆ ಉಳಿದ ಎರಡು ಕಥೆಗಳು ಚಿತ್ರದ ಮುಂದೆ ನಿಲ್ಲಲಿಲ್ಲ. ಆದರೆ ಬದಲಾವಣೆಯನ್ನು ಯಾರೂ ನೋಡಲಿಲ್ಲ. ಬದಲಾವಣೆಯ ಮೊದಲು ಮತ್ತು ನಂತರವನ್ನು ನೋಡಿ, ನಡುವಿನದನ್ನು ತರ್ಕದಿಂದ ತುಂಬಿದರು.

ಪ್ರಬಂಧದ ನಂತರದ ಚರಿತ್ರೆ ಈ ಓದನ್ನು ಬೆಂಬಲಿಸುತ್ತದೆ. 2017ರಲ್ಲಿ ಐಂಡ್‌ಹೋವನ್‌ನದೇ ತಂಡ ಬಣ್ಣದ ಮೂಟೆಯನ್ನು ಬಿಟ್ಟು ಬೇರೆ ದಾರಿ ಹಿಡಿಯಿತು. ಎಳೆಗಳನ್ನು ಭಾರಜಲದಲ್ಲಿ ಇಟ್ಟು, ಅಣುಗಳ ಹೈಡ್ರೋಜನ್‌ಗಳು ಡ್ಯೂಟೀರಿಯಂ ಆಗಿ ಬದಲಾಗುವ ವೇಗವನ್ನು ತೂಕದ ವ್ಯತ್ಯಾಸದಿಂದ ಅಳೆದರು. ಇಲ್ಲಿ ಚಿತ್ರವೇ ಇಲ್ಲ, ಮೂಟೆಯೂ ಇಲ್ಲ. ಒಂದೇ ಬಗೆಯ ಎಳೆಯಲ್ಲೂ ಕೆಲವು ಅಣುಗಳು ಬೇಗ, ಕೆಲವು ಬಹಳ ನಿಧಾನವಾಗಿ ಬದಲಾಗುತ್ತವೆ ಎಂಬ ವೈವಿಧ್ಯ ಹೊರಬಿತ್ತು. ಚಿತ್ರದ ‘ಸಮನಾಗಿ’ ಎಂಬ ಪದ ಇನ್ನಷ್ಟು ವಿವರಣೆ ಬೇಡತೊಡಗಿತು. ಅದೇ ವರ್ಷ ಜೊವಾನ್ನಿ ಪವಾನ್ ಅವರ ತಂಡ ಗಣಕದಲ್ಲಿ ಅಣುಅಣುವಾಗಿ ಎಳೆಯನ್ನು ಕಟ್ಟಿ ನೋಡಿ, ಅಣುಗಳು ಎದ್ದುಹೋಗುವುದು ಎಳೆಯ ಉದ್ದಕ್ಕೂ ಅಲ್ಲಲ್ಲಿ ಹುಟ್ಟುವ ದೋಷಗಳಿಂದ ಎಂದಿತು. ತಟ್ಟೆಗಳ ಪೇರಿಕೆಯಲ್ಲಿ ಎಲ್ಲೋ ಒಂದು ಓರೆಯಾಗಿ ಕೂತಿದ್ದರೆ ಅಲ್ಲಿಂದಲೇ ಜಾರುವಿಕೆ ಶುರು. ದೋಷ ಎಲ್ಲಿ ಬೇಕಾದರೂ ಹುಟ್ಟಬಹುದಾದ್ದರಿಂದ, ಸಾಕಷ್ಟು ಹೊತ್ತು ಬಿಟ್ಟು ದೂರದಿಂದ ನೋಡಿದವರಿಗೆ ಅದು ಉದ್ದಕ್ಕೂ ಸಮನಾಗಿ ಕಾಣುತ್ತದೆ. 2014ರ ಚಿತ್ರ ಸುಳ್ಳಾಗಲಿಲ್ಲ. ಅದರ ಕೆಳಗೆ ಇನ್ನೊಂದು ಪದರ ತೆರೆದುಕೊಂಡಿತು.

ಬೆಂಗಳೂರಿನ ಹೆಸರನ್ನು ಇಲ್ಲಿ ತರುವುದು ಅಭಿಮಾನಕ್ಕಲ್ಲ. ಬಣ್ಣದ ತಕರಾರಿಗೆ ಒಂದು ಸುಂದರ ಉತ್ತರ ಜಕ್ಕೂರಿನಿಂದ ಬಂದಿದೆ. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸುಬಿ ಜಾರ್ಜ್ ಅವರ ತಂಡ, ಅಲ್ಲಿಯವರೇ ಆದ ಸರಿತ್ ಅಗಸ್ತಿ ಮತ್ತು ಮೇಲೆ ಹೇಳಿದ ಪವಾನ್ ಅವರ ಜೊತೆ ಸೇರಿ, 2020ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಕೆಲಸ ಪ್ರಕಟಿಸಿತು. ಎರಡು ಬಗೆಯ ಅಣುಗಳನ್ನು ಒಟ್ಟಿಗೆ ಬಿಟ್ಟರೆ ಮೂರು ಸಂಗತಿಗಳಾಗಬಹುದು: ತಮ್ಮ ತಮ್ಮವರನ್ನೇ ಹುಡುಕಿಕೊಂಡು ಬೇರೆ ಬೇರೆ ಎಳೆಗಳಾಗುವುದು, ಕ್ರಮವಿಲ್ಲದೆ ಕಲಸಿಹೋಗುವುದು, ಅಥವಾ ಒಂದೇ ಎಳೆಯಲ್ಲಿ ಒಂದು ಬಗೆಯ ಉದ್ದನೆಯ ತುಂಡಿನ ಪಕ್ಕ ಇನ್ನೊಂದರ ತುಂಡು ಬರುವುದು. ಬೆರೆಸುವ ದಾರಿಯನ್ನು ಬದಲಿಸಿ ಮೂರನ್ನೂ ಪಡೆಯಬಹುದೆಂದು ಅವರು ತೋರಿಸಿದರು. ನನಗೆ ಮೆಚ್ಚುಗೆಯಾದದ್ದು ಇದು: ಅವರ ಅಣುಗಳು ನ್ಯಾಫ್ತಲೀನ್ ಡೈಇಮೈಡ್ ಎಂಬುದರ ರೂಪಾಂತರಗಳು, ಸ್ವತಃ ಹೊಳೆಯುವಂಥವು. ಅಂಟಿಸಿದ ಬಣ್ಣವಿಲ್ಲ. ಎಳೆ ಕಟ್ಟುವ ಭಾಗವೇ ಬೆಳಕು ಚೆಲ್ಲುತ್ತದೆ. ಸಾಕ್ಷಿಯ ಪರವಾಗಿ ವಕೀಲರು ಮಾತಾಡುವ ಬದಲು ಸಾಕ್ಷಿಯೇ ಕಟಕಟೆಗೆ ಬಂದ ಹಾಗಾಯಿತು.

ಹಾಗೆಂದು ಲೆಕ್ಕ ಚುಕ್ತಾ ಆಗಲಿಲ್ಲ. ಅವರು ಬಳಸಿದ್ದು ಪಟ್ಟೆಪಟ್ಟೆಯಾದ ಬೆಳಕನ್ನು ಬೀರಿ, ಬಂದ ಹೆಣಿಗೆಯಿಂದ ಸೂಕ್ಷ್ಮ ವಿವರವನ್ನು ಲೆಕ್ಕಹಾಕುವ ವಿಧಾನವನ್ನು. ಅದು ಅಬ್ಬೆಯ ಎಲ್ಲೆಯನ್ನು ಸುಮಾರು ಅರ್ಧಕ್ಕೆ, ನೂರು ನ್ಯಾನೋಮೀಟರಿನ ಹತ್ತಿರಕ್ಕೆ ಇಳಿಸುತ್ತದೆ. ಸ್ಟಾರ್ಮ್‌ನಷ್ಟು ಒಳಕ್ಕೆ ಹೋಗಲಾರದು. ನೂರು ನ್ಯಾನೋಮೀಟರಿನಲ್ಲಿ ನೂರಾರು ಅಣುಗಳು ಪೇರಿಸಿಕೊಂಡಿರುತ್ತವೆ. ಹಾಗಾಗಿ ಉದ್ದನೆಯ ತುಂಡುಗಳು ಬೇರೆ ಬೇರೆ ಬಣ್ಣದಲ್ಲಿ ಚೆನ್ನಾಗಿ ಕಾಣುತ್ತವೆ, ತುಂಡುಗಳು ಸೇರುವ ಗಡಿಯಲ್ಲಿ ಯಾವ ಅಣುವಿನ ಪಕ್ಕ ಯಾವುದು ಎಂಬುದು ಕಾಣದು. ಐಂಡ್‌ಹೋವನ್‌ನವರು ಹೆಚ್ಚು ಸೂಕ್ಷ್ಮವಾಗಿ ನೋಡಲು ಅಣುವಿಗೆ ಮೂಟೆ ಹೊರಿಸಿದರು. ಜಕ್ಕೂರಿನವರು ಮೂಟೆ ಇಳಿಸಿ ಸೂಕ್ಷ್ಮತೆಯಲ್ಲಿ ಕೊಂಚ ಬಿಟ್ಟುಕೊಟ್ಟರು. ಇಬ್ಬರ ಪ್ರಶ್ನೆಗಳೂ ಬೇರೆಯಾದ್ದರಿಂದ ಇಬ್ಬರ ಆಯ್ಕೆಗಳೂ ನನಗೆ ಸರಿ ಅನಿಸುತ್ತವೆ. ತುಂಡುಗಳಿವೆಯೇ ಎಂದು ಕೇಳುವವರಿಗೆ ಚುಕ್ಕಿಚುಕ್ಕಿಯ ಲೆಕ್ಕ ಬೇಕಿಲ್ಲ.

ಇಷ್ಟನ್ನೂ ಕನ್ನಡದಲ್ಲಿ ಹೇಳುವಾಗ ನಾವು ಎಡವುವುದು ಕ್ರಿಯಾಪದದಲ್ಲಿ. ‘ವಿಜ್ಞಾನಿಗಳು ಅಣುಗಳನ್ನು ಕಣ್ಣಾರೆ ಕಂಡರು’ ಎಂಬ ಧಾಟಿಯ ವಾಕ್ಯ ವಿಜ್ಞಾನದ ಬರಹಗಳಲ್ಲಿ ಎಷ್ಟು ಸಲ ಬರುತ್ತದೋ ಲೆಕ್ಕವಿಲ್ಲ. ಕಣ್ಣಾರೆ ಕಂಡವರು ಯಾರೂ ಇಲ್ಲ. ಕ್ಯಾಮೆರಾ ಮಿನುಗನ್ನು ಹಿಡಿಯಿತು, ತಂತ್ರಾಂಶ ನಡುವನ್ನು ಗುರುತಿಸಿತು, ಮನುಷ್ಯರು ಬಣ್ಣ ಆರಿಸಿದರು, ಗಣಿತ ಮೂರು ಕಥೆಗಳಲ್ಲಿ ಎರಡನ್ನು ತಳ್ಳಿಹಾಕಿತು. ‘ಪತ್ತೆಹಚ್ಚಿದರು’ ಎಂದರೆ ಸಾಕು, ಅದು ನಿಜವೂ ಹೌದು, ರೋಚಕವೂ ಹೌದು; ಹೆಜ್ಜೆಗುರುತಿನಿಂದ ಕಳ್ಳನನ್ನು ಹುಡುಕುವ ಕಥೆಗೆ ಓದುಗರು ಎಂದೂ ಬೇಸರಪಟ್ಟಿಲ್ಲ.

ಕನ್ನಡದ ‘ಕಾಣು’ ಎಂಬ ಪದವೇನೋ ಈ ಸೂಕ್ಷ್ಮವನ್ನು ಮೊದಲಿಂದಲೂ ಬಲ್ಲದು. ‘ನೋಡು’ ಎಂಬುದು ನಾನು ಮಾಡುವ ಕೆಲಸ. ‘ನನಗೆ ಕಾಣುತ್ತದೆ’ ಎಂದಾಗ ನಾನು ಕರ್ತೃವಲ್ಲ, ಕಂಡದ್ದು ಬಂದು ಸೇರುವ ಜಾಗ ಮಾತ್ರ. ಅದೇ ಪದ ‘ಮಳೆ ಬರುವಂತೆ ಕಾಣುತ್ತದೆ’ ಎಂದಾಗ ಊಹೆಯಾಗುತ್ತದೆ. ನೋಟ ಮತ್ತು ಊಹೆ ಎರಡಕ್ಕೂ ಒಂದೇ ಪದ ಸಾಕೆಂದು ಭಾಷೆ ಬಗೆದದ್ದು ಬಡತನದಿಂದಲ್ಲ. ‘ಎಳೆಯ ಉದ್ದಕ್ಕೂ ಅಣುಗಳು ಜಾಗ ಬದಲಿಸುವಂತೆ ಕಾಣುತ್ತದೆ’ ಎಂಬ ಒಂದು ವಾಕ್ಯದಲ್ಲಿ ಆ ಐದು ಪುಟಗಳ ಹಕ್ಕುದಾವೆಯೂ ಇದೆ, ಅದರ ಮಿತಿಯೂ ಇದೆ. ವಿಜ್ಞಾನದ ವಿದ್ಯಾರ್ಥಿಗಳು ಕನ್ನಡದಲ್ಲಿ ವರದಿ ಬರೆಯುವುದ ಕಲಿಯುವಾಗ ಈ ‘ಅಂತೆ’ಯನ್ನು ಹಿಂಜರಿಕೆ ಎಂದು ಹೊಡೆದುಹಾಕದಿರಲಿ.

ನಡುವಿನ ಆ ಗಳಿಗೆಯ ಚಿತ್ರ ಏಕೆ ಕಷ್ಟ ಎಂಬುದಕ್ಕೆ ಕಾರಣ ವಿಧಾನದ ಒಳಗೇ ಇದೆ. ಒಂದು ಸ್ಟಾರ್ಮ್ ಚಿತ್ರ ಕಟ್ಟಲು ಸಾವಿರಾರು ಮಿನುಗುಗಳು ಬೇಕು, ಅವನ್ನು ಕೂಡಿಹಾಕಲು ಸಾಮಾನ್ಯವಾಗಿ ನಿಮಿಷಗಳೇ ಹಿಡಿಯುತ್ತವೆ. ಅಷ್ಟು ಹೊತ್ತು ಎಳೆ ಅಲುಗದಿರಲಿ ಎಂದು ಅದನ್ನು ಗಾಜಿಗೆ ಅಂಟಿಸಿಡುತ್ತಾರೆ. ಗಾಜಿಗೆ ಅಂಟಿದ ಎಳೆ ನೀರಿನಲ್ಲಿ ತೇಲುವ ಎಳೆಯಂತೆಯೇ ನಡೆದುಕೊಳ್ಳುತ್ತದೆಂದು ಹೇಳಲು ಬಾರದು. ಬಣ್ಣದ ಅಣುಗಳೋ ಬೆಳಕನ್ನು ಉಂಡು ಉಂಡು ಕೊನೆಗೆ ಶಾಶ್ವತವಾಗಿ ಆರಿಹೋಗುತ್ತವೆ, ಹಾಗಾಗಿ ಒಂದೇ ಎಳೆಯನ್ನು ಮತ್ತೆ ಮತ್ತೆ ನೋಡುವುದಕ್ಕೂ ಮಿತಿಯಿದೆ. ಒಂದು ಎಳೆಯ ಮೇಲೆ ಕಣ್ಣಿಟ್ಟು, ಅದರ ನಡುವಿನಿಂದ ಒಂದು ಅಣು ಎದ್ದುಹೋಗಿ ಇನ್ನೊಂದು ಬಂದು ಆ ಜಾಗದಲ್ಲಿ ಕೂತದ್ದನ್ನು ಹಿಡಿದ ಚಿತ್ರ 2014ರ ಆ ಐದು ಪುಟಗಳಲ್ಲಿ ಇಲ್ಲ.